ಸಮುದ್ರ ನೋಡ್ಲಿಕ್ಕೆ ದುಡ್ಡು ಕೊಡುದಾ?

"ಎಂತದು ಮಾರಾಯ್ತಿ, ಸಮುದ್ರ ನೋಡ್ಲಿಕ್ಕೆ ದುಡ್ಡು ಕೊಡುದಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ನಾನು ಕೆರಿಬಿಯನ್ ದ್ವೀಪದ ಪ್ರವಾಸಕ್ಕೆಂದು ಹೋಟೆಲ್ ಪಟ್ಟಿಯನ್ನು ಮೂರನೇ ಸಲ ಸೋಸುತ್ತಿದ್ದೆ. ಸಮುದ್ರ ಪೂರ್ತಿ ಕಾಣುವ ಕೋಣೆಗೆ ಒಂದು ರೇಟು. ಬಾಲ್ಕನಿಯಿಂದ ಕತ್ತು ಚಾಚಿದರೆ ಕಾಣುವ ಕೋಣೆಗೆ ಇನ್ನೊಂದು. ಕಾರು ನಿಲ್ಲಿಸುವ ಜಾಗ ಮಾತ್ರ ಕಾಣುವ ಕೋಣೆ ಎಲ್ಲಕ್ಕಿಂತ ಅಗ್ಗ. ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದ್ದು ನನ್ನದೇ ತಪ್ಪು.

ಉಡುಪಿ ಕಡೆಯ ನಮ್ಮ ಮನೆಯಿಂದ ಕಡಲು ಒಂದೂವರೆ ಕಿಲೋಮೀಟರ್. ರಾತ್ರಿ ಫ್ಯಾನು ನಿಂತರೆ ಅದರ ಸದ್ದು ಕೇಳುತ್ತಿತ್ತು. ಯಾರೂ ಬಿಲ್ಲು ಕಳಿಸಿದ್ದಿಲ್ಲ. ಹಾಗಂತ ನಾವು ದಿನಾ ಅಲ್ಲಿಗೆ ಹೋಗುತ್ತಿದ್ದೆವು ಅಂತಲ್ಲ. ಹೋಗುತ್ತಿದ್ದದ್ದು ಬೆಂಗಳೂರಿನ ನೆಂಟರು ಬಂದಾಗ. ಅವರು ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಕಿರುಚುತ್ತಿದ್ದರು. ನಾವು ದಡದಲ್ಲಿ ಅವರ ಚಪ್ಪಲಿ ಕಾಯುತ್ತಿದ್ದೆವು. ಮಳೆಗಾಲದಲ್ಲಿ ಆ ಕಡೆ ತಲೆ ಹಾಕಿದರೆ ಬೈಗುಳ. ನೂಲ ಹುಣ್ಣಿಮೆಗೆ ಮೊಗವೀರರು ಹಾಲು, ತೆಂಗಿನಕಾಯಿ ಕೊಟ್ಟು ಸಮುದ್ರಪೂಜೆ ಮಾಡುವುದನ್ನು ದೂರದಿಂದ ನೋಡಿದ್ದುಂಟು. ಒಟ್ಟಿನಲ್ಲಿ ಕಡಲು ಅಂದರೆ ಕೈ ಮುಗಿದು ವಾಪಸ್ ಬರುವ ಜಾಗ. ಅದರೆದುರು ಕುರ್ಚಿ ಹಾಕಿಕೊಂಡು ನಾಲ್ಕು ದಿನ ಸುಮ್ನೆ ಬಿದ್ದುಕೊಂಡಿರುವ ವಿದ್ಯೆಯನ್ನು ನಮಗೆ ಯಾರೂ ಕಲಿಸಲಿಲ್ಲ. ಕಡಲ ಪಕ್ಕದಲ್ಲೇ ಬೆಳೆದ ನನಗೆ ಈಜು ಬರುವುದಿಲ್ಲ. ನ್ಯೂಜೆರ್ಸಿಯಲ್ಲಿ, ಒಂದು ಮಾಲ್‌ನ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನನ್ನ ಮಕ್ಕಳು ಮೀನಿನ ಹಾಗೆ ಈಜುತ್ತಾರೆ.

ಈ ಪ್ರವಾಸದ ಹುಳ ಬಿಟ್ಟದ್ದು ಅವರೇ. ಚಳಿಗಾಲದ ರಜೆ ಮುಗಿಸಿ ಕ್ಲಾಸಿಗೆ ಬಂದ ಅರ್ಧ ಮಕ್ಕಳ ಮೂಗು ಬಿಸಿಲಿಗೆ ಸುಲಿದಿತ್ತಂತೆ. "ಎಲ್ಲರೂ ಐಲ್ಯಾಂಡಿಗೆ ಹೋಗ್ತಾರೆ, ನಾವು ಮಾತ್ರ ಇಂಡಿಯಾಕ್ಕೆ ಹೋಗ್ತೀವಿ" ಎಂದಳು ಹನ್ನೊಂದು ವರ್ಷದ ಮಗಳು. ಏಳು ವರ್ಷದ ಮಗನ ಬೇಡಿಕೆ ಇನ್ನೂ ಸರಳ. ಜಾರುಬಂಡಿ ಇರುವ ಸ್ವಿಮ್ಮಿಂಗ್ ಪೂಲ್ ಬೇಕು. ಸಮುದ್ರದ ಪಕ್ಕದಲ್ಲಿ ಪೂಲ್ ಯಾಕೋ ಅಂದರೆ, ಸಮುದ್ರದಲ್ಲಿ ಜಾರುಬಂಡಿ ಎಲ್ಲಿದೆ ಎಂದು ನನ್ನನ್ನೇ ಕೇಳಿದ. ಅದೂ ಸರಿ ಅಲ್ವಾ.

ಕೆರಿಬಿಯನ್ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನಮ್ಮ ಮನೆಯವರು ಟಿವಿ ಆರಿಸಿ ಎದ್ದು ಬಂದರು. ಅವರ ಊರು ಭದ್ರಾವತಿ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್ ಬೆನ್ನಟ್ಟಿ ಗೆದ್ದಿತಲ್ಲ, ಅದರಲ್ಲಿ ವಿಶಿಯದು 112. ಆ ಸುದ್ದಿ ರೇಡಿಯೋದಲ್ಲಿ ಬಂದ ದಿನ ತಮ್ಮ ಅಪ್ಪ ಊಟ ಮಾಡಲೇ ಇಲ್ಲ ಎಂದು ಇವರು ಹೇಳುತ್ತಾರೆ. ಸಂತೋಷಕ್ಕೋ ಅಥವಾ ವಿಶಿ ರನ್ ಔಟ್ ಆದ ದುಃಖಕ್ಕೋ ಇವತ್ತಿಗೂ ಗೊತ್ತಾಗಿಲ್ಲ. ಹಾಗಾಗಿ ಇವರ ತಲೆಯಲ್ಲಿರುವ ಕೆರಿಬಿಯನ್ ನಕ್ಷೆಯಲ್ಲಿ ಬೀಚುಗಳೇ ಇಲ್ಲ, ಬರೀ ಮೈದಾನಗಳು. ಆಂಟಿಗಾ ಅಂದರೆ 2002ರಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದ ಜಾಗ. ಟ್ರಿನಿಡಾಡ್ ಅಂದರೆ 2007ರಲ್ಲಿ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೆ ಸೋತ ಜಾಗ, ಅಲ್ಲಿಗೆ ಕಾಲಿಡುವುದಿಲ್ಲವಂತೆ. ಬಾರ್ಬಡೋಸ್ ಅಂದರೆ 2024ರ ಜೂನ್ 29ರಂದು ಅದೇ ದ್ರಾವಿಡ್ ಕೋಚ್ ಆಗಿ ವಿಶ್ವಕಪ್ ಎತ್ತಿದ ಜಾಗ. "ಬಾರ್ಬಡೋಸ್‌ಗೇ ಹೋಗೋಣ ಕಣೇ. ಅಲ್ಲಿ ಕಾರೂ ನಮ್ಮೂರಿನ ಹಾಗೆ ಎಡಗಡೆಯೇ ಓಡಿಸೋದು" ಎಂದರು. ಎರಡು ಮಕ್ಕಳನ್ನು ಕರೆದುಕೊಂಡು ಹೋಗುವ ಊರನ್ನು ಆರಿಸಲು ಇದೂ ಒಂದು ಕಾರಣ!

ನಾನು ಓದಲು ಕುಳಿತೆ. ಬಾರ್ಬಡೋಸ್‌ನಲ್ಲಿ ಮಿಲಿಟರಿಯವರ ಹಾಗೆ ಹಸಿರು ಕಂದು ಮಚ್ಚೆಯ ಬಟ್ಟೆಯನ್ನು ಬೇರೆಯವರು ಹಾಕುವಂತಿಲ್ಲ. ಮಕ್ಕಳೂ ಹಾಕುವಂತಿಲ್ಲ, ಕಾನೂನು. ನನ್ನ ಮಗನ ಹತ್ತಿರ ಇರುವ ಮೂರು ಚಡ್ಡಿಗಳೂ ಅದೇ ಮಚ್ಚೆಯವು. ಇಷ್ಟರಲ್ಲಿ ಇವರು ಪಾಸ್‌ಪೋರ್ಟುಗಳನ್ನು ಹುಡುಕಿ ತಂದರು. ತೆರೆದು ನೋಡಿದವರು ಹಾಗೇ ಕುಳಿತುಬಿಟ್ಟರು. ಅಮೆರಿಕದ ವೀಸಾ ಸ್ಟಾಂಪು ಮುಗಿದು ಹೋಗಿತ್ತು.

ನಮ್ಮ ಹಾಗೆ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಅಮೆರಿಕದಲ್ಲಿರುವ ಸಂಸಾರಗಳಿಗೆ ಇದನ್ನು ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ಇಲ್ಲಿ ಇರಲು ಕೆಲಸ ಮಾಡಲು ಕಾಗದ ಬೇರೆ, ಹೊರಗೆ ಹೋಗಿ ಒಳಗೆ ಬರಲು ಸ್ಟಾಂಪು ಬೇರೆ. ಮೊದಲನೆಯದು ಗಟ್ಟಿಯಾಗಿದ್ದರೂ ಎರಡನೆಯದು ಮುಗಿದಿದ್ದರೆ ದ್ವೀಪಕ್ಕೆ ಹೋಗಬಹುದು, ವಾಪಸ್ ಬರಲು ಮಾತ್ರ ಕಾನ್ಸುಲೇಟಿನ ಬಾಗಿಲು ಕಾಯಬೇಕು. ಅಮೆರಿಕದ ಪಾಸ್‌ಪೋರ್ಟ್ ಇರುವ ಮಕ್ಕಳಿಬ್ಬರು ಸಲೀಸಾಗಿ ಮನೆಗೆ ಬರುತ್ತಾರೆ, ಅಪ್ಪ ಅಮ್ಮ ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್ ಮೈದಾನದ ಹೊರಗೆ ಕುಳಿತಿರುತ್ತೇವೆ. ಹಾಗಾಗಿ ನಮ್ಮಂಥವರು ದ್ವೀಪ ಆರಿಸುವುದು ಮರಳಿನ ಬಣ್ಣ ನೋಡಿ ಅಲ್ಲ. ಅಮೆರಿಕದ ಆಡಳಿತದ್ದೇ ಆದ ದ್ವೀಪ ಬೇಕು. ಅಂದರೆ ವರ್ಜಿನ್ ಐಲ್ಯಾಂಡ್ಸ್, ಇಲ್ಲವೇ 1898ರಲ್ಲಿ ಸ್ಪೇನ್ ಸೋತು ಬಿಟ್ಟುಕೊಟ್ಟ ಪೋರ್ಟೊರಿಕೊ. ನ್ಯೂವಾರ್ಕಿನಿಂದ ನೇರ ವಿಮಾನ, ನಾಲ್ಕು ಗಂಟೆಯ ದಾರಿ. ಅಲ್ಲಿಯ ಜನ ಆಡುವುದು ಬೇಸ್‌ಬಾಲ್ ಎಂದು ತಿಳಿದ ಮೇಲೆ ಇವರು ಮತ್ತೆ ಟಿವಿ ಹಚ್ಚಿದರು.

ದ್ವೀಪ ಸಿಕ್ಕಿತು. ದಿನ? ಮಕ್ಕಳ ಬೇಸಿಗೆ ರಜೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ. ಕೆರಿಬಿಯನ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಹರಿಕೇನ್ ಎಂಬ ಪದವೇ ಆ ದ್ವೀಪಗಳ ಮೂಲನಿವಾಸಿ ತೈನೊ ಜನರದ್ದಂತೆ. ಹೆಸರಿಟ್ಟವರಿಗೆ ಅದರ ಪರಿಚಯ ಚೆನ್ನಾಗಿಯೇ ಇದ್ದಿರಬೇಕು. ವಿಶ್ವಕಪ್ ಗೆದ್ದ ತಂಡವೇ ಬೆರಿಲ್ ಚಂಡಮಾರುತಕ್ಕೆ ವಿಮಾನ ಸಿಗದೆ ಬಾರ್ಬಡೋಸ್‌ನಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಿತ್ತು. ಕಪ್ ಇದ್ದವರ ಪಾಡೇ ಹಾಗೆ. ಡಿಸೆಂಬರ್ ರಜೆಯಲ್ಲಿ ಗಾಳಿ ಮಳೆ ಇಲ್ಲ, ಆದರೆ ಟಿಕೆಟ್ ದರವೇ ಚಂಡಮಾರುತ. ಉಳಿದದ್ದು ಏಪ್ರಿಲ್‌ನಲ್ಲಿ ಈಸ್ಟರ್ ಆಸುಪಾಸಿನ ಒಂದು ವಾರ.

ಬೀಚು ಆರಿಸುವಾಗ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ಫೋಟೋದಲ್ಲಿ ಎಲ್ಲ ಬೀಚೂ ಒಂದೇ. ಒಂದು ತೆಂಗಿನಮರ ಬಾಗಿರುತ್ತದೆ, ನೀರು ಸಾಬೂನಿನ ಜಾಹೀರಾತಿನ ಬಣ್ಣದಲ್ಲಿರುತ್ತದೆ. ಸೆಳೆತ ಫೋಟೋದಲ್ಲಿ ಕಾಣುವುದಿಲ್ಲ. ಸಾನ್ ಹುವಾನ್ ಪಟ್ಟಣದ ದೊಡ್ಡ ಹೋಟೆಲುಗಳಿರುವ ಕೊಂಡಾಡೊ ತೀರದಲ್ಲಿ ಒಳಸೆಳೆತ ಜೋರು. ಪೂರ್ವಕ್ಕೆ ಲುಕಿಯೊ ಎಂಬಲ್ಲಿ ಬಂಡೆಸಾಲು ಅಲೆಯನ್ನು ಹೊರಗೇ ತಡೆಯುತ್ತದೆ, ಒಳಗೆ ನೀರು ಕೆರೆಯ ಹಾಗೆ. ಪಕ್ಕದಲ್ಲೇ ಸಾಲು ಗೂಡಂಗಡಿಗಳು. ಅಮ್ಮ ಹೇಳುತ್ತಿದ್ದದ್ದು ಒಂದೇ ಪಾಠ, ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಸೆಲ್ಫಿ ತೆಗೆಯುವವರು ಮಾಡುವುದು ಅದೊಂದೇ ಕೆಲಸ.

ಇನ್ನು ಊಟ. ನಾವು ಸಸ್ಯಾಹಾರಿಗಳು. ಪೋರ್ಟೊರಿಕೊದವರಿಗೆ ಹಂದಿಮಾಂಸ ಅಂದರೆ ನಮಗೆ ಒಗ್ಗರಣೆ ಇದ್ದ ಹಾಗೆ, ಬೀನ್ಸ್ ಬೇಯಿಸುವಾಗಲೂ ಒಂದು ತುಂಡು ಬಿದ್ದಿರುತ್ತದೆ. ಹೋಗಿ ಬಂದ ಗೆಳತಿ ಎಚ್ಚರಿಸಿದಳು, "ಮಾಂಸ ಬೇಡ ಅಂದರೆ ಸಾಲದು. ಹ್ಯಾಮ್ ಬೇಡ, ಕೋಳಿ ಬೇಡ, ಅದರ ಸಾರೂ ಬೇಡ ಅಂತ ಬಿಡಿಸಿ ಬಿಡಿಸಿ ಹೇಳಬೇಕು." ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುವ ಮಗಳಿಗೆ ಆ ಜವಾಬ್ದಾರಿ ಕೊಟ್ಟೆವು. ಅವಳು ಕನ್ನಡಿಯ ಮುಂದೆ ನಿಂತು 'ಸಿನ್ ಹಮೋನ್, ಸಿನ್ ಪೊಯ್ಯೊ' ಎಂದು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದಾಳೆ. ಮಗ ಅದಕ್ಕೆ ರಾಗ ಹಾಕಿದ್ದಾನೆ.

ಆದರೆ ಅಡುಗೆಯ ಪಟ್ಟಿ ಓದುತ್ತಾ ಹೋದಂತೆ ನನಗೆ ಒಂದೊಂದೇ ಮುಖ ಪರಿಚಯ ಸಿಕ್ಕಿತು. ಅಲ್ಲಿಯ ಹಬ್ಬದ ಅನ್ನ 'ಗಾಂಡುಲೆಸ್' ಹಾಕಿ ಮಾಡುವುದು. ಏನಪ್ಪಾ ಅದು ಅಂತ ನೋಡಿದರೆ ನಮ್ಮ ತೊಗರಿ! ಕಲಬುರಗಿಯ ಗೆಳತಿಗೆ ಕೂಡಲೇ ಮೆಸೇಜು ಮಾಡಿದೆ. ಅವಳಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ತೊಗರಿ ಎಲ್ಲಿಗೆ ಬೇಕಾದರೂ ಹೋಗುತ್ತೆ, ನಮಗೇ ವೀಸಾ ಬೇಕು" ಎಂದಳು. ಹಸಿ ಬಾಳೆಕಾಯಿಯನ್ನು ಹೋಳು ಮಾಡಿ ಕರಿದು, ಜಜ್ಜಿ, ಇನ್ನೊಮ್ಮೆ ಕರಿಯುವುದಕ್ಕೆ 'ತೊಸ್ತೋನೆಸ್' ಎನ್ನುತ್ತಾರೆ. ನಾವು ಒಂದೇ ಸಲ ಕರಿದು ಪೋಡಿ ಎನ್ನುತ್ತೇವೆ. ಅದರ ಕೆಳಗಿನ ಸಾಲಿನಲ್ಲಿ 'ಪಾನಾ' ಹೋಳುಗಳನ್ನೂ ಹೀಗೇ ಕರಿಯುತ್ತಾರೆ ಎಂದಿತ್ತು. ಚಿತ್ರ ದೊಡ್ಡದು ಮಾಡಿದೆ. ಹಸಿರು ಉಂಡೆ, ಮೈಮೇಲೆ ಸಣ್ಣ ಸಣ್ಣ ಗುಳ್ಳೆ. ಜೀಗುಜ್ಜೆ! ಹದಿನಾಲ್ಕು ವರ್ಷದಿಂದ ನ್ಯೂಜೆರ್ಸಿಯ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಕೊನೆಗೆ ಫ್ರೀಜರಿನಲ್ಲಿ ಕಲ್ಲಾಗಿ ಮಲಗಿದ್ದನ್ನು ತಂದು ಬೇಸರಪಟ್ಟ ಅದೇ ಜೀಗುಜ್ಜೆ.

ಇದರ ಕಥೆಯೂ ಪ್ರಯಾಣದ್ದೇ. ಕ್ಯಾಪ್ಟನ್ ಬ್ಲೈ ಎಂಬ ಇಂಗ್ಲಿಷಿನವನು ತಾಹಿತಿಯಿಂದ ಇದರ ಸಸಿಗಳನ್ನು ಹಡಗಿನಲ್ಲಿ ತರಲು ಹೊರಟ. ಕಬ್ಬಿನ ತೋಟದ ಗುಲಾಮರ ಹೊಟ್ಟೆಗೆ ಅಗ್ಗದಲ್ಲಿ ಏನಾದರೂ ಹಾಕಬೇಕಿತ್ತು. 1789ರಲ್ಲಿ ಅವನ ನಾವಿಕರೇ ದಂಗೆ ಎದ್ದು ಅವನನ್ನು ಹಡಗಿನಿಂದ ಇಳಿಸಿ ಸಸಿಗಳನ್ನು ನೀರಿಗೆಸೆದರು. ಛಲ ಬಿಡದೆ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗೆ ಮುಟ್ಟಿಸಿದ. ಗುಲಾಮರು ಮೊದಮೊದಲು ಅದನ್ನು ಮುಟ್ಟಲಿಲ್ಲವಂತೆ. ಕೂಡಿಹಾಕಿ ತಿನ್ನು ಅಂದರೆ ಜೀಗುಜ್ಜೆಯಾದರೂ ಯಾರಿಗೆ ರುಚಿಸೀತು? ಈಗ ಅದು ಅಲ್ಲಿಯ ಹಿತ್ತಿಲ ಮರ. ಪೋರ್ಟೊರಿಕೊದಲ್ಲಿ 'ಪಾನಾ' ಎಂದರೆ ಆಡುಮಾತಿನಲ್ಲಿ ಗೆಳೆಯ ಅಂತಲೂ ಅರ್ಥ. ನಮ್ಮಲ್ಲೂ ಇದಕ್ಕೆ ದೀವಿಹಲಸು ಎನ್ನುತ್ತಾರೆ. ದೀವಿ ಎಂದರೆ ದ್ವೀಪ. ಇಷ್ಟು ವರ್ಷ ಆ ಹೆಸರನ್ನು ಬಾಯಲ್ಲಿಟ್ಟುಕೊಂಡು ಯಾವ ದ್ವೀಪ ಎಂದು ಕೇಳಿರಲಿಲ್ಲ ನೋಡಿ. ಆ ರಾತ್ರಿಯೇ ವಿಮಾನದ ಟಿಕೆಟ್ ಮಾಡಿದೆ. ಇವರಿಗೆ ಕ್ರಿಕೆಟ್ಟು ಕಾರಣವಾದರೆ ನನಗೆ ಇದು ಕಾರಣ ಆಗಬಾರದೇ? ಆದರೂ ಪುಟ್ಟ ರೈಸ್ ಕುಕ್ಕರ್, ಅವಲಕ್ಕಿ, ಚಟ್ನಿಪುಡಿ ಪೆಟ್ಟಿಗೆಯ ಅಡಿಗೆ ಹೋಗಿಯಾಗಿದೆ. ನಂಬಿಕೆ ಬೇರೆ, ಮುಂಜಾಗ್ರತೆ ಬೇರೆ.

ಕೊನೆಯ ಗಂಟು ಬಿದ್ದದ್ದು ಹೊಳೆಯುವ ನೀರಿನ ವಿಷಯದಲ್ಲಿ. ಫಹಾರ್ಡೊ ಎಂಬ ಊರಿನ ಹತ್ತಿರ ಒಂದು ಲಗೂನು, ಅಂದರೆ ಕಡಲ ಹಿನ್ನೀರಿನ ಕೊಳ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರ ತುಂಬ ಇವೆ. ರಾತ್ರಿ ಹುಟ್ಟು ಹಾಕಿದರೆ ನೀರು ಕಲಕಿದಲ್ಲೆಲ್ಲ ನೀಲಿ ಬೆಳಕು ಏಳುತ್ತದೆ. ಮಕ್ಕಳಿಬ್ಬರೂ, ಪೂಲಿನವನೂ ಸೇರಿ, ಒಪ್ಪಿದ ಒಂದೇ ಕಾರ್ಯಕ್ರಮ ಇದು. ಒಂದೇ ಷರತ್ತು. ಬೆಳದಿಂಗಳು ಇರಬಾರದು, ಅಮಾವಾಸ್ಯೆ ಆದರೆ ಬಹಳ ಒಳ್ಳೆಯದು.

ಇದನ್ನು ಅಮ್ಮನಿಗೆ ಹೇಳಬಾರದಿತ್ತು. "ಅಮಾಸೆ ರಾತ್ರಿ, ಮಕ್ಕಳನ್ನು ಕಟ್ಟಿಕೊಂಡು, ದೋಣಿಯಲ್ಲಿ? ನಿನಗೆ ತಲೆ ಸಮ ಉಂಟಾ?"

ಅಮ್ಮ ಹೆದರಬೇಕಾಗಿರಲಿಲ್ಲ. ಪಂಚಾಂಗ ತೆರೆದರೆ ನಮ್ಮ ವಾರದಲ್ಲಿ ಅಮಾವಾಸ್ಯೆಯ ಸುಳಿವೇ ಇಲ್ಲ. ಇರುವುದು ಕಷ್ಟವೇ. ಮಾರ್ಚ್ 21ರಂದೋ ಅದರ ನಂತರವೋ ಬೀಳುವ ಮೊದಲ ಹುಣ್ಣಿಮೆ ಕಳೆದ ಮೇಲೆ ಬರುವ ಮೊದಲ ಭಾನುವಾರವೇ ಈಸ್ಟರ್. ಯುಗಾದಿ ಅಮಾವಾಸ್ಯೆಯ ಬೆನ್ನಿಗೆ ಬರುವ ಹಾಗೆ ಈಸ್ಟರ್ ಹುಣ್ಣಿಮೆಯ ಬೆನ್ನಿಗೇ ಬರುತ್ತದೆ. ಶಾಲೆಯವರು ಈಸ್ಟರ್ ನೋಡಿ ರಜೆ ಕೊಟ್ಟರೆ ನಮ್ಮ ಪಾಲಿಗೆ ಹೆಚ್ಚಾಗಿ ಬೆಳದಿಂಗಳೇ. ಮಗಳ ಮುಖ ಸಣ್ಣದಾಯಿತು.

ಆಗ ನೆನಪಾದದ್ದು ಸಂಕಷ್ಟಿ. ಹುಣ್ಣಿಮೆ ಕಳೆದು ನಾಲ್ಕನೇ ದಿನ. ಸಂಕಷ್ಟಿಯ ಉಪವಾಸ ಮಾಡಿದವರಿಗೆಲ್ಲ ಗೊತ್ತು, ಆ ದಿನ ಚಂದ್ರ ಎಷ್ಟು ಸತಾಯಿಸುತ್ತಾನೆ ಅಂತ. ಎಂಟಾದರೂ ಇಲ್ಲ, ಒಂಬತ್ತಾದರೂ ಇಲ್ಲ. ಅಮ್ಮ ಅಂಗಳಕ್ಕೂ ಒಳಗೂ ಹತ್ತು ಸಲ ಓಡಾಡುತ್ತಿದ್ದಳು. ಹೊಟ್ಟೆ ಚುರುಗುಟ್ಟುವಾಗ ಶಾಪ ಹಾಕಿಸಿಕೊಂಡ ಆ ತಡವೇ ಈಗ ಉಪಯೋಗಕ್ಕೆ ಬಂತು. ಸೂರ್ಯ ಮುಳುಗುವುದು ಏಳರೊಳಗೆ, ಚಂದ್ರ ಬರುವುದು ಒಂಬತ್ತರ ಮೇಲೆ. ನಡುವಿನ ಕತ್ತಲು ನಮ್ಮದು. ಏಳೂವರೆಯ ದೋಣಿಗೆ ನಾಲ್ಕು ಸೀಟು ಹಿಡಿದೆ.

"ಗಣಪತಿಯ ದಿನವೇ ಇಟ್ಟುಕೊಂಡಿದ್ದೇನೆ" ಎಂದು ಅಮ್ಮನಿಗೆ ಜಂಬದಿಂದ ಹೇಳಿದೆ.

"ಉಪವಾಸದಲ್ಲಿ ದೋಣಿ ಹತ್ತಿ ತಲೆ ತಿರುಗಿದ್ರೆ?"

"ಚಂದ್ರನನ್ನು ನೋಡಿ ಜೀಗುಜ್ಜೆ ಪೋಡಿ ತಿಂತೇನೆ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಬೆಳಕು ನಮ್ಮಲ್ಲೂ ಉಂಟು" ಎಂದಳು. "ನಾನು ಸಣ್ಣವಳಿರುವಾಗ ಒಂದು ಸಲ ನೋಡಿದ್ದೆ. ಅಲೆ ಒಡೆದಲ್ಲೆಲ್ಲ ನೀಲಿ ನೀಲಿ. ಭೂತವೋ ಎಂತದೋ ಅಂತ ಹೆದರಿ ಮನೆಯವರೆಗೆ ಓಡಿದ್ದೆವು." ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಒಬ್ಬರಿಗೆ ಎಷ್ಟಂತೆ?" ಎಂದು ಕೇಳಿದಳು. ಡಾಲರನ್ನು ರೂಪಾಯಿ ಮಾಡಿ, ಸ್ವಲ್ಪ ಕಮ್ಮಿ ಮಾಡಿಯೇ ಹೇಳಿದೆ.

"ಅಷ್ಟು ಕೊಟ್ಟು ಹೆದರುದಾ ಮಾರಾಯ್ತಿ?"