ಪಿಚ್ಚರ್ ಹೆಂಗೈತಿ?

ದಾವಣಗೆರೆಯಲ್ಲಿ ಸಿನಿಮಾ ನೋಡಿಕೊಂಡು ಬಂದವರನ್ನು ‘ಪಿಚ್ಚರ್ ಹೆಂಗೈತಿ?’ ಅಂತ ಕೇಳಿದರೆ ಬರುವ ಉತ್ತರ ಮೂರೇ: ‘ಸೂಪರ್’, ‘ಪರವಾಗಿಲ್ಲ’, ‘ದುಡ್ಡು ದಂಡ’. ಈ ಮೂರರಲ್ಲಿ ಯಾವುದನ್ನು ನಂಬಿ ಟಿಕೆಟ್ ತೆಗೆಸಿದರೂ ಟೋಪಿ ಬೀಳುವ ಸಂಭವವೇ ಜಾಸ್ತಿ. ಹೇಳಿದವರು ಸುಳ್ಳುಗಾರರು ಅಂತಲ್ಲ. ಅವರು ಹೇಳಿದ್ದು ಸಿನಿಮಾದ ವಿಷಯವೇ ಅಲ್ಲ, ಅಷ್ಟೇ. ಕೂತ ಸೀಟು, ತಿಂದ ತಿಂಡಿ, ಸ್ಕೂಟರ್ ನಿಲ್ಲಿಸೋಕೆ ಸಿಗದ ಜಾಗ, ಹಿಂದಿನ ಸಾಲಿನಲ್ಲಿ ರಚ್ಚೆ ಹಿಡಿದ ಕೂಸು, ಎಲ್ಲವನ್ನೂ ಕೂಡಿಸಿ ಕಳೆದು ಬಂದ ಮೊತ್ತವನ್ನು ಪಾಪ ಆ ಡೈರೆಕ್ಟರ್ ಹೆಸರಿಗೆ ಬರೆದಿರುತ್ತಾರೆ. ಹಾಗಾಗಿ ಅಭಿಪ್ರಾಯ ಕೇಳಿದ ಮೇಲೆ ಅದನ್ನು ಸ್ವಲ್ಪ ಸೋಸಿಕೊಳ್ಳಬೇಕಾಗುತ್ತದೆ.

ಮೊದಲು ಕೇಳಬೇಕಾದ್ದು, ‘ಎಷ್ಟೊತ್ತಿಗೆ ಒಳಗ್ ಹೋದ್ರಿ?’ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಈ ಊರಿನ ಒಂದು ತಲೆಮಾರಿನ ವಿಮರ್ಶಕರನ್ನು ತಯಾರು ಮಾಡಿದೆ. ಗೇಟು ಬಿದ್ದು ಗೂಡ್ಸ್ ಗಾಡಿ ಬಂತೆಂದರೆ ಟೈಟಲ್ ಕಾರ್ಡು ಹೋಯಿತು, ಹೀರೋನ ಬಾಲ್ಯ ಹೋಯಿತು, ಅವನ ಅಪ್ಪನ ಕೊಲೆಯೂ ಹೋಯಿತು. ಕತ್ತಲಲ್ಲಿ ತಡಕಾಡಿ ಸೀಟು ಹಿಡಿಯುವ ಹೊತ್ತಿಗೆ ಹೀರೋ ಯಾರನ್ನೋ ಎತ್ತಿ ಬಡಿಯುತ್ತಿರುತ್ತಾನೆ. ‘ಸುಮ್‌ಸುಮ್ನೆ ಹೊಡೀತಾನಪ್ಪ, ಲಾಜಿಕ್ಕೇ ಇಲ್ಲ’ ಅನ್ನುವ ತೀರ್ಪು ಅಲ್ಲೇ ಬರೆದು ಸಹಿಯಾಗುತ್ತದೆ. ಲಾಜಿಕ್ಕು ಗೇಟಿನ ಆಚೆ ಬದಿ ಲಾರಿ ಹಿಂದೆ ನಿಂತಿರುತ್ತದೆ. ನಮ್ಮ ಮಾಮೂಲಿ ಕಮರ್ಷಿಯಲ್ ಚಿತ್ರದಲ್ಲಿ ಯಾರು ಯಾರ ಮಗ, ಯಾಕೆ ದ್ವೇಷ ಅನ್ನುವುದನ್ನೆಲ್ಲ ಮೊದಲ ಇಪ್ಪತ್ತು ನಿಮಿಷದಲ್ಲೇ ಮುಗಿಸಿಬಿಡುತ್ತಾರೆ. ಅಷ್ಟು ತಪ್ಪಿಸಿಕೊಂಡವರು ಉಳಿದ ಎರಡು ಗಂಟೆ ಪಕ್ಕದವರನ್ನು ‘ಇವ್ನ್ಯಾರು?’ ಅಂತ ಕೇಳುತ್ತಾರೆ. ಆಗ ಪಕ್ಕದವರಿಗೂ ಪಿಚ್ಚರ್ ಚೆನ್ನಾಗಿರುವುದಿಲ್ಲ.

ಇಂಟರ್‌ವಲ್ ಬಗ್ಗೆ ಬರುವ ದೂರನ್ನೂ ಹೀಗೇ ನೋಡಬೇಕು. ಕನ್ನಡ, ತೆಲುಗು ಚಿತ್ರಗಳ ಚಿತ್ರಕಥೆಯನ್ನೇ ಇಂಟರ್‌ವಲ್‌ಗೆ ಒಂದು ಏಟು ಬೀಳುವ ಹಾಗೆ ಹೆಣೆಯುತ್ತಾರೆ. ಈಗಿನ ಇಂಗ್ಲಿಷ್ ಚಿತ್ರಕ್ಕೆ ಸಾಮಾನ್ಯವಾಗಿ ಇಂಟರ್‌ವಲ್ ಎನ್ನುವುದೇ ಇರುವುದಿಲ್ಲ; ಇಲ್ಲಿ ಪಾಪ್‌ಕಾರ್ನ್ ಮಾರಾಟಕ್ಕೋಸ್ಕರ ಸುಮಾರಾಗಿ ನಡುಮಧ್ಯದಲ್ಲಿ ಕತ್ತರಿಸುತ್ತಾರೆ. ನಾಯಕಿ ‘ಅವನನ್ನು ಕೊಂದವನು...’ ಅಂತ ಬಾಯಿ ತೆರೆದಾಗ ಲೈಟು ಹತ್ತುತ್ತದೆ. ಹೊರಗೆ ಬಂದವರು ‘ಡೈರೆಕ್ಟರ್‌ಗೆ ಇಂಟರ್‌ವಲ್ ಬ್ಲಾಕ್ ಇಡೋಕೆ ಬರಲ್ಲ’ ಅನ್ನುತ್ತಾರೆ. ಆ ಡೈರೆಕ್ಟರ್ ಅದನ್ನು ಇಟ್ಟೇ ಇರಲಿಲ್ಲ.

ರೀಲಿನ ಕಾಲದಲ್ಲಿ ಪರಿಸ್ಥಿತಿ ಇನ್ನೂ ಮಜವಾಗಿತ್ತು. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ. 2000 ಅಡಿಯ ದೊಡ್ಡ ರೀಲು ಸುಮಾರು 22 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಅಂಥವು ಏಳು. ಎರಡು ಮಷೀನು ಪಕ್ಕಪಕ್ಕ ಇರುತ್ತಿದ್ದವು. ಪರದೆಯ ಮೇಲೆ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದರೆ ಆಪರೇಟರ್ ಎರಡನೇ ಮಷೀನಿನ ಮೋಟಾರು ಚಾಲೂ ಮಾಡಬೇಕು. ಏಳೆಂಟು ಸೆಕೆಂಡು ಬಿಟ್ಟು ಇನ್ನೊಂದು ಚುಕ್ಕೆ ಕಂಡ ತಕ್ಷಣ ಬೆಳಕನ್ನು ಅದಕ್ಕೆ ಬದಲಾಯಿಸಬೇಕು. ಆಗ ಅವನು ಬೀಡಿ ಹಚ್ಚುತ್ತಿದ್ದರೆ ಪರದೆ ಬೆಳ್ಳಗೆ, ಟಾಕೀಸು ತುಂಬ ಶಿಳ್ಳೆ. ಒಂದೇ ಪ್ರಿಂಟನ್ನು ಎರಡು ಟಾಕೀಸು ಹಂಚಿಕೊಂಡರಂತೂ ಇಲ್ಲಿ ಮುಗಿದ ರೀಲಿನ ಡಬ್ಬಿಯನ್ನು ಹುಡುಗನೊಬ್ಬ ಕ್ಯಾರಿಯರಿಗೆ ಕಟ್ಟಿಕೊಂಡು ಅಲ್ಲಿಗೆ ಓಡಬೇಕು. ದಾರಿಯಲ್ಲಿ ಗೇಟು ಬಿದ್ದರೆ ನಾಯಕ ನಾಯಕಿ ಅಲ್ಲೇ ಕಾಯಬೇಕು. ಡಬ್ಬಿ ಅದಲುಬದಲಾದರೆ ಸತ್ತ ವಿಲನ್ ಮುಂದಿನ ರೀಲಿನಲ್ಲಿ ಎದ್ದು ಬಂದು ಕಾಫಿ ಕುಡಿಯುತ್ತಾನೆ. ಅದನ್ನು ಫ್ಲ್ಯಾಶ್‌ಬ್ಯಾಕ್ ಅಂದುಕೊಂಡು ‘ಏನ್ ಟೆಕ್ನಿಕ್ಕಲೇ!’ ಅನ್ನುವವರಿಗೂ ಆಗ ಬರವಿರಲಿಲ್ಲ.

ಈಗ ಚಿತ್ರ ಬರುವುದು ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ. ಅದಕ್ಕೆ ಬೀಗ ಹಾಕಿರುತ್ತಾರೆ. ಬಿಚ್ಚುವ ಕೀ ಒಂದು ಫೈಲು. ಅದು ಆ ಟಾಕೀಸಿನ ಆ ಸರ್ವರ್‌ಗೆ ಮಾತ್ರ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಮಾತ್ರ ನಡೆಯುತ್ತದೆ. ಬೆಳಗಿನ ಆರರ ಫ್ಯಾನ್ಸ್ ಶೋಗೆ ‘ಕೀ ಬಂದಿಲ್ಲ’ ಅಂದರೆ ಇದು. ಬಾಗಿಲು ಒಡೆಯೋಣ ಅಂತ ಹೊರಟವರಿಗೆ ಇದನ್ನು ತಿಳಿಸಿ ಹೇಳುವುದರೊಳಗೆ ಮ್ಯಾನೇಜರ್‌ನ ಅಂಗಿ ಗುಂಡಿ ಎರಡು ಹೋಗಿರುತ್ತವೆ.

‘ಡೈಲಾಗ್ ಒಂದೂ ಕೇಳಂಗಿಲ್ಲಪ್ಪ, ಬರೀ ಮ್ಯೂಸಿಕ್ಕು’ ಅನ್ನುವುದು ಇತ್ತೀಚಿನ ದೊಡ್ಡ ದೂರು. ಇದರಲ್ಲಿ ಅರ್ಧ ನಿಜ. ಟಾಕೀಸಿನಲ್ಲಿ ಮಾತು ಬರುವುದು ಪರದೆಯ ಹಿಂದೆ ನಡುವಿನಲ್ಲಿರುವ ಸ್ಪೀಕರಿನಿಂದ. ಗೋಡೆಗಳ ಮೇಲಿನವು ಮಳೆ, ಲಾರಿ, ಗುಂಡಿನ ಸದ್ದಿಗೆ. ಕೊನೆ ಗಳಿಗೆಯಲ್ಲಿ ಬುಕ್ ಮಾಡಿ ಗೋಡೆಗೆ ಅಂಟಿದ ಸೀಟು ತಗೊಂಡವರ ಕಿವಿಗೆ ಲಾರಿ ಹತ್ತಿರ, ನಾಯಕಿ ದೂರ. ಹಾಲ್‌ನ ಉದ್ದದಲ್ಲಿ ಪರದೆಯಿಂದ ಮೂರರಲ್ಲಿ ಎರಡು ಪಾಲು ಹಿಂದೆ, ಸಾಲಿನ ನಟ್ಟನಡುವೆ ಕೂತವರ ಮಾತನ್ನಷ್ಟೇ ಸೌಂಡ್ ವಿಷಯದಲ್ಲಿ ನಂಬಬಹುದು.

ಮನೆಯಲ್ಲಿ ನೋಡಿದವರ ದೂರಿಗೆ ಮದ್ದು ಸುಲಭ. ಟಿವಿಗೆ ಇರುವುದು ಎರಡು ಪುಟಾಣಿ ಸ್ಪೀಕರು, ಅವೂ ಕೆಳಮುಖ. ಅದರ ಕೆಳಗೆ ಮನೆಯವರು ಕ್ರೋಶಾ ಹಾಕಿದ ಬಟ್ಟೆ ಹಾಸಿರುತ್ತಾರೆ. ಮಾತಿನ ಚೂಪೆಲ್ಲ ಆ ಬಟ್ಟೆ ಕುಡಿಯುತ್ತದೆ. ಮೊದಲು ಬಟ್ಟೆ ತೆಗೀಬೇಕು (ಅತ್ತೆಯವರ ಕೈಕೆಲಸವಾಗಿದ್ದರೆ ಅವರು ಊರಿಗೆ ಹೋದಾಗ). ಆಮೇಲೆ ಆ್ಯಪಿನ ಆಡಿಯೊ ಆಯ್ಕೆಯಲ್ಲಿ 5.1 ಅಂತ ಇದ್ದರೆ ಬಿಟ್ಟು ಬರೀ ಸ್ಟೀರಿಯೊ ಆರಿಸಬೇಕು. ಇಲ್ಲದಿದ್ದರೆ ಆರು ಸ್ಪೀಕರಿಗೆ ಹಂಚಿದ್ದ ಸದ್ದನ್ನು ಟಿವಿ ತನಗೆ ತೋಚಿದಂತೆ ಎರಡಕ್ಕೆ ತುರುಕುತ್ತದೆ, ಅದರಲ್ಲಿ ಮೊದಲು ಮುಳುಗುವುದು ಮಾತು. ಸೌಂಡ್ ಮೋಡಿನಲ್ಲಿ ‘ಕ್ಲಿಯರ್ ವಾಯ್ಸ್’ ಥರದ್ದು ಸಿಕ್ಕರೆ ಹಾಕಿಕೊಳ್ಳಬೇಕು.

ಇನ್ನೊಂದು, ‘ಕೋಟಿಗಟ್ಲೆ ಸುರಿದಾರೆ, ನೋಡಿದ್ರೆ ಸೀರಿಯಲ್ ಇದ್ದಂಗೈತಿ’. ಇದು ಪೂರ್ತಿ ಟಿವಿಯ ಕಿತಾಪತಿ. ಚಿತ್ರದಲ್ಲಿ ಸೆಕೆಂಡಿಗೆ ಇರುವುದು 24 ಚಿತ್ರ. ಟಿವಿ ಅವುಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ಸೇರಿಸಿ ನುಣ್ಣಗೆ ಮಾಡುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಟ್ರೂಮೋಷನ್, ಮೋಷನ್‌ಫ್ಲೋ, ಆಟೊ ಮೋಷನ್ ಪ್ಲಸ್. ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಆಫ್ ಮಾಡಿದರೆ ಅಥವಾ ‘ಫಿಲ್ಮ್‌ಮೇಕರ್’, ‘ಸಿನಿಮಾ’ ಅನ್ನುವ ಮೋಡು ಹಾಕಿದರೆ ಕ್ಯಾಮೆರಾಮನ್ ಮರ್ಯಾದೆ ಉಳಿಯುತ್ತದೆ. ‘ರಾತ್ರಿ ಸೀನೆಲ್ಲ ಕಪ್ಪು’ ಅಂದರೆ ಕರೆಂಟ್ ಉಳಿಸುವ ಇಕೊ ಮೋಡು ಆನ್ ಇದೆಯಾ ನೋಡಿ, ಟ್ಯೂಬ್‌ಲೈಟು ಆರಿಸಿ. ಟಾಕೀಸಿನಲ್ಲೂ ಕಪ್ಪಗಿದ್ದರೆ ಹಿಂದಿನ ವಾರದ 3ಡಿ ಲೆನ್ಸನ್ನು ತೆಗೆಯದೆ 2ಡಿ ಚಿತ್ರ ಓಡಿಸುತ್ತಿರಬಹುದು. ಅದು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಿನ್ನುತ್ತದೆ. ಮೊಬೈಲಿನಲ್ಲಿ ಕಳ್ಳತನದಿಂದ ಹಿಡಿದ ಪ್ರಿಂಟು ನೋಡಿ ‘ಕಲರ್ ಡಲ್’ ಅಂದವರ ಜತೆ ಮಾತೇ ಬೇಡ. ಸಿನಿಮಾಟೊಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ಪ್ರಕಾರ ಹಾಗೆ ಹಿಡಿದವನಿಗೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕಮ್ಮಿಯೆಂದರೂ 3 ಲಕ್ಷ ದಂಡ. ನೋಡಿ ವಿಮರ್ಶೆ ಬರೆದವನಿಗೆ ಯಾವ ಶಿಕ್ಷೆಯೂ ಇಲ್ಲದಿರುವುದು ಕಾನೂನಿನ ಲೋಪ.

‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗು.’ ಇದನ್ನು ಹೇಳಿದವರನ್ನು ಕೇಳಬೇಕಾದ್ದು ಒಂದೇ: ಏನು ತಿಂದು ಹೋಗಿದ್ರಿ? ಬೆಣ್ಣೆ ದೋಸೆ ಎರಡು, ಅದರ ಆಲೂಗಡ್ಡೆ ಪಲ್ಯ ಎರಡು ಸಲ, ಮೇಲೆ ಮಾಲೀಕರು ಪರಿಚಯದವರು ಅಂತ ಇನ್ನೊಂದು ಉಂಡೆ ಬೆಣ್ಣೆ. ಇಷ್ಟು ಹೊಟ್ಟೆಗಿಳಿಸಿ ಮ್ಯಾಟಿನಿಗೆ ಎಸಿಯಲ್ಲಿ ಒರಗಿದರೆ ಪಿಚ್ಚರ್ ಶುರುವಾಗಿ ಒಂದೂಕಾಲು ಗಂಟೆಗೆ ಸರಿಯಾಗಿ ಲ್ಯಾಗು ಶುರುವಾಗುತ್ತದೆ. ಅದಕ್ಕೆ ಎಡಿಟರ್ ಹೊಣೆಯಲ್ಲ. ನಿದ್ದೆ ಹೋಗಿದ್ದರೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು ‘ಆ ತಂಗಿ ಪಾತ್ರ ಕೊನೆಗೆ ಏನಾಯ್ತು?’ ಅಂತ ಕೇಳಿ. ಎಲ್ಲ ಚಿತ್ರದಲ್ಲೂ ಒಬ್ಬ ತಂಗಿ ಇರುತ್ತಾಳೆ. ‘ಅದೇ, ಎಲ್ಲಾ ಪಿಚ್ಚರಲ್ಲಿ ಆಗೋದೇ’ ಅಂದರೆ ಮಲಗಿದ್ದರು ಅಂತಲೇ ಲೆಕ್ಕ.

ಕಥೆ ಬಿಟ್ಟುಕೊಡುವವರದ್ದು ಬೇರೆ ಜಾತಿ. ಇವರು ಶುರು ಮಾಡುವುದೇ ‘ನಾನೇನೂ ಹೇಳಲ್ಲಪ್ಪ’ ಅಂತ. ಮುಂದಿನ ವಾಕ್ಯದಲ್ಲಿ ‘ಆದ್ರೆ ಆ ಡಾಕ್ಟ್ರ ಮೇಲೆ ಒಂದ್ ಕಣ್ಣಿಟ್ಟಿರು’. ಮುಗಿಯಿತು, ಇನ್ನು ಡಾಕ್ಟರ್ ಪರದೆಗೆ ಬಂದಾಗೆಲ್ಲ ಕೊಲೆಗಾರನೇ. ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಇಂಥವರು ಸಿಕ್ಕರೆ ಮಾಡುವುದಿಷ್ಟು: ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯನ್ನು ‘ತಗಳ್ರಿ ಅಣ್ಣ’ ಅಂತ ಮುಂದೆ ಹಿಡಿಯಿರಿ. ಹೊರಗಿನ ಕಡಲೆಹಿಟ್ಟು ಬೇಗ ಆರುತ್ತದೆ, ಒಳಗಿನ ಮೆಣಸಿನಕಾಯಿ ಆರುವುದಿಲ್ಲ. ಕಚ್ಚಿದ ಮೇಲೆ ಅವರು ಹಾ ಹೂ ಅನ್ನುವಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿರಬೇಕು.

ಚಿತ್ರದುರ್ಗದಲ್ಲಿ ಕಷ್ಟ ಇನ್ನೊಂದು ಥರದ್ದು. ಅಲ್ಲಿ ಯಾವ ಸಿನಿಮಾದ ಮಾತು ತೆಗೆದರೂ ಹತ್ತು ನಿಮಿಷದೊಳಗೆ ಅದು 1972ಕ್ಕೆ, ‘ನಾಗರಹಾವು’ಗೆ ಬಂದು ನಿಲ್ಲುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ ಕೋಟೆಯಲ್ಲೇ ತೆಗೆದ ಚಿತ್ರ. ವಿಷ್ಣುವರ್ಧನ್ ನಾಯಕನಾಗಿದ್ದು, ಅಂಬರೀಷ್ ಮೊದಲ ಸಲ ಪರದೆಗೆ ಬಂದಿದ್ದು ಅದರಲ್ಲೇ. ಅದು ಬಂದು ಅರ್ಧ ಶತಮಾನ ಕಳೆದರೂ ದುರ್ಗದವರು ಅದನ್ನು ನೋಡುವುದು ಸರ್ವೇಯರ್ ಕಣ್ಣಿನಿಂದ. ಕಥೆ ಎಲ್ಲಿಗೆ ಹೋಯಿತು ಅನ್ನುವುದಕ್ಕಿಂತ ಬಂಡೆ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಕೋಟೆಯಲ್ಲಿ ತೆಗೆದ ಯಾವ ಚಿತ್ರ ಹಾಕಿದರೂ ‘ಈ ಬಾಗಿಲಲ್ಲಿ ಹೊಕ್ಕೋನು ಆ ಬತೇರಿ ಮೇಲೆ ಹೆಂಗ್ ಬಂದ?’ ಅಂತ ತಕರಾರು ತೆಗೆಯುತ್ತಾರೆ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಬೆಳಕು, ಸಂಜೆ ಪಶ್ಚಿಮದ್ದಕ್ಕೆ. ಬಿಸಿಲು ಎಲ್ಲಿದೆಯೋ ಕ್ಯಾಮೆರಾ ಅಲ್ಲಿ. ಎರಡನ್ನೂ ಎಡಿಟಿಂಗ್ ಟೇಬಲ್ಲಿನಲ್ಲಿ ಅಂಟಿಸಿದರೆ ನಾಯಕ ಎರಡು ಹೆಜ್ಜೆಯಲ್ಲಿ ಗುಡ್ಡ ದಾಟುತ್ತಾನೆ. ಇದನ್ನೆಲ್ಲ ವಿವರಿಸಿದರೂ ಅವರು ಒಪ್ಪುವುದಿಲ್ಲ. ‘ನಮ್ಮೂರು ನಮಗೆ ಗೊತ್ತಿಲ್ವೇನ್ರಿ?’ ಅನ್ನುತ್ತಾರೆ.

ಆ ಚಿತ್ರದ ಮೇಲಿನ ಅತಿ ಖಾರದ ಅಭಿಪ್ರಾಯವೂ ಮನೆಯೊಳಗಿನದ್ದೇ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಅಂತ ತ.ರಾ.ಸು. ಅಂದರೆಂಬುದು ಊರಿಗೆಲ್ಲ ಗೊತ್ತಿರುವ ಮಾತು. ಸ್ಟಾರ್ ಕೊಡದೆ, ಪುಟ ತುಂಬಿಸದೆ ಮುಗಿದ ವಿಮರ್ಶೆ. 2018ರಲ್ಲಿ ಡಿಜಿಟಲ್ ಮಾಡಿ ಮತ್ತೆ ಬಿಟ್ಟಾಗಲೂ ಜನ ನುಗ್ಗಿ ನೋಡಿದರು. ಕೇರೆಹಾವೇ ಆಗಿದ್ದರೂ ಅದರ ಆಯಸ್ಸು ಗಟ್ಟಿ.

ಇನ್ನು ಡಾಕ್ಯುಮೆಂಟರಿ. ಒಂದು ಕಾಲಕ್ಕೆ ಇದರ ಬಗ್ಗೆ ಯಾರಿಗೂ ಅಭಿಪ್ರಾಯವೇ ಇರಲಿಲ್ಲ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರ, ವಾರ್ತಾಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ಟಾಕೀಸುಗಳು ಕಡ್ಡಾಯವಾಗಿ ತೋರಿಸಬೇಕಿತ್ತು. ಅಣೆಕಟ್ಟು ಕಟ್ಟುವುದು, ಪ್ರವಾಹ ಬರುವುದು, ಮಂತ್ರಿಗಳು ಮೇಲಿಂದ ನೋಡುವುದು. ಜನ ಅದನ್ನು ಸೋಡಾ ಕುಡಿಯುವ ಸಮಯ ಅಂತ ಗುರುತು ಮಾಡಿಕೊಂಡಿದ್ದರು.

ಈಗ ಒಂದು ಡಾಕ್ಯುಮೆಂಟರಿ ನೋಡಿದವರು ಮರುದಿನ ಬೆಳಿಗ್ಗೆಗೆ ತಜ್ಞರು. ಆಹಾರದ ಮೇಲಿನದ್ದು ನೋಡಿದವರು ಬೆಣ್ಣೆ ಬಿಡುತ್ತಾರೆ. ದಾವಣಗೆರೆಯಲ್ಲಿ ಈ ವ್ರತ ಗುರುವಾರ ಹಿಡಿದರೆ ಭಾನುವಾರ ಬೆಳಗಿನ ತಿಂಡಿಯವರೆಗೆ ಬಾಳುತ್ತದೆ. ಕ್ರೈಮಿನದ್ದು ನೋಡಿದವರು ಅಳಿಯನನ್ನು ಅನುಮಾನದಿಂದ ನೋಡುತ್ತಾರೆ. ‘ಡಾಕ್ಯುಮೆಂಟರೀಲಿ ತೋರ್ಸ್ಯಾರೆ, ಸುಳ್ಳಾಗ್ತದಾ?’ ಅನ್ನುವವರಿಗೆ ಎರಡು ಸಂಗತಿ ತಿಳಿಸಬೇಕು. 1922ರ ‘ನಾನೂಕ್ ಆಫ್ ದಿ ನಾರ್ತ್’ ಈ ವರ್ಗದ ಮೂಲಪುರುಷ ಅನ್ನುತ್ತಾರೆ. ಅದರಲ್ಲಿ ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಮನೆಯನ್ನೇ ಅರ್ಧ ಕಟ್ಟಿಸಿ, ಸಂಸಾರವನ್ನು ಬಯಲಲ್ಲೇ ಮಲಗಿಸಿ ತೆಗೆದರು. ಬಂದೂಕಿನಿಂದ ಬೇಟೆಯಾಡುತ್ತಿದ್ದವರ ಕೈಗೆ ಈಟಿ ಕೊಟ್ಟರು. 1958ರ ‘ವೈಟ್ ವೈಲ್ಡರ್‌ನೆಸ್’ನಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಮೂಹಿಕವಾಗಿ ನೀರಿಗೆ ಹಾರುತ್ತವೆ. ಹಾರಿದ್ದಲ್ಲ, ಚಿತ್ರತಂಡದವರೇ ತಳ್ಳಿದ್ದು. ಅದಕ್ಕೆ ಆಸ್ಕರ್ ಬಂತು, ಲೆಮ್ಮಿಂಗುಗಳ ಮೇಲೆ ಆತ್ಮಹತ್ಯೆಯ ಅಪವಾದವೂ ನಿಂತಿತು.

ಈಗಿನವರು ತಳ್ಳುವುದಿಲ್ಲ, ಕಾಯುತ್ತಾರೆ. 2020ರಲ್ಲಿ ಟಾಕೀಸಿಗೇ ಬಂದ ‘ವೈಲ್ಡ್ ಕರ್ನಾಟಕ’ಕ್ಕೆ ನಾಲ್ಕು ವರ್ಷ ಓಡಾಡಿ ಸುಮಾರು 400 ಗಂಟೆ ಚಿತ್ರೀಕರಿಸಿ ಉಳಿಸಿಕೊಂಡದ್ದು 52 ನಿಮಿಷ. ಅಂದರೆ ತೆರೆಯ ಮೇಲಿನ ಒಂದು ನಿಮಿಷಕ್ಕೆ ಏಳೂವರೆ ಗಂಟೆಗೂ ಮಿಕ್ಕಿದ ಚಿತ್ರೀಕರಣ. ಕ್ಯಾಮೆರಾ ಆಫ್ ಮಾಡಿಕೊಂಡು ಸೊಳ್ಳೆ ಹೊಡೆದದ್ದು ಲೆಕ್ಕಕ್ಕಿಲ್ಲ. ಸದ್ದಿನ ಕಥೆಯೂ ಅಷ್ಟೇ. ದೂರದಿಂದ ಉದ್ದ ಲೆನ್ಸಿನಲ್ಲಿ ಹಿಡಿದ ಪ್ರಾಣಿ ಎಲೆ ಮೆಲ್ಲುವ ಸದ್ದು ಯಾವ ಮೈಕಿಗೂ ಸಿಗುವುದಿಲ್ಲ. ಸಾಮಾನ್ಯವಾಗಿ ಅದನ್ನು ಸ್ಟುಡಿಯೊದಲ್ಲಿ ಕೂತು ಸೊಪ್ಪೋ ಬಟ್ಟೆಯೋ ಹಿಸುಕಿ ಮಾಡುತ್ತಾರೆ. ‘ಎಷ್ಟ್ ನ್ಯಾಚುರಲ್ ಸೌಂಡು!’ ಅಂದವರಿಗೆ ಇದನ್ನು ಹೇಳಿದರೆ ಸ್ನೇಹ ಕೆಡುತ್ತದೆ.

ಇಂಥವನ್ನು ನೋಡಿ ಉತ್ಸಾಹ ಬಂದವರು ಭಾನುವಾರ ಜಗಳೂರಿನ ಕಡೆ, ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯಕ್ಕೆ ಗಾಡಿ ತಿರುಗಿಸುತ್ತಾರೆ. ಕೊಂಡುಕುರಿ ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಸಂಕೋಚದ ಪ್ರಾಣಿ. ಹಿಂಡು ಕಟ್ಟುವುದಿಲ್ಲ, ಹುಲ್ಲಿನ ಮರೆ ಬಿಟ್ಟು ಬರುವುದಿಲ್ಲ, ಮಂಡಕ್ಕಿ ಪೊಟ್ಟಣ ಬಿಚ್ಚಿದ ಸದ್ದಿಗೇ ಓಟ ಕೀಳುತ್ತದೆ. ಸಂಜೆವರೆಗೂ ಕಾದು, ಪುಣ್ಯಕ್ಕೆ ದೂರದ ಪೊದೆ ಹತ್ತಿರ ಒಂದು ಕಂಡಿತು ಅಂತಲೇ ಇಟ್ಟುಕೊಳ್ಳಿ. ನಾಲ್ಕು ಕೊಂಬು ಇರುವುದು ಗಂಡಿಗೆ ಮಾತ್ರ, ಅದರಲ್ಲೂ ಮುಂದಿನೆರಡು ಮೊಟಕು. ಕಂಡದ್ದು ಹೆಣ್ಣು. ತಲೆ ಬೋಳು. ಗುಂಪಿನಲ್ಲಿದ್ದ ವಿಮರ್ಶಕರು ಬೈನಾಕ್ಯುಲರ್ ಇಳಿಸಿ, ‘ಏ, ಇದು ಡೂಪು ಕಣ್ರಲೇ, ನಡೀರಿ’ ಅಂದು ಗಾಡಿ ಹತ್ತುತ್ತಾರೆ.