ಎಡಗೈಗೆ ಗೊತ್ತಾಗಬಾರದು

ಕಡೂರಿನ ಸೈಕಲ್ ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಸವಾರಿ ಕಲಿತ ನಾನು, ಐವತ್ತರ ಹೊಸ್ತಿಲಿನಲ್ಲಿ ಅಮೆರಿಕದ ಕೊಲೊರಾಡೊದ ಬೆಟ್ಟವೊಂದರ ಮೇಲೆ ಅದೇ ವಿದ್ಯೆಯನ್ನು ಮೊದಲಿನಿಂದ ಕಲಿಯಬೇಕಾಗಿ ಬಂದದ್ದಕ್ಕೆ ನನ್ನ ಅಕ್ಕನ ಮಗನೇ ಕಾರಣ. ಅಲ್ಲಿ ಓದುತ್ತಿರುವ ಆ ಹುಡುಗ ಒಂದು ಶನಿವಾರ ಡೆನ್ವರ್‌ನ ನಮ್ಮ ಮನೆಗೆ ಬಂದು, ಮೂರು ದೋಸೆ ಮುಗಿಸಿ, ನಾಲ್ಕನೆಯದು ಕಾವಲಿಯ ಮೇಲಿರುವಾಗಲೇ, “ಮಾಮ, ಮೌಂಟನ್ ಬೈಕಿಂಗ್‌ಗೆ ಹೋಗೋಣ, ಬರೀ ಇಳಿಜಾರು. ಪೆಡಲ್ ಕೂಡ ತುಳಿಯಬೇಕಾಗಿಲ್ಲ” ಎಂದ. ಇಳಿಯಬೇಕಾದರೆ ಮೊದಲು ಹತ್ತಬೇಕಲ್ಲವೇ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ; ಹೊಳೆದ ನನ್ನ ಹೆಂಡತಿ ನಗುತ್ತಾ ಸುಮ್ಮನಾದಳು.

ಸೈಕಲ್ಲನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮೂರು ಪುಟಗಳ ಒಂದು ಅರ್ಜಿಯನ್ನು ಮುಂದಿಟ್ಟರು. ನನ್ನ ಕೈಕಾಲಿಗೆ, ತಲೆಗೆ ಮತ್ತು ಪ್ರಾಣಕ್ಕೆ ಏನೇ ಆದರೂ ಹೊಣೆ ನನ್ನದೇ ಎಂಬುದು ಮೊದಲ ಪುಟದಲ್ಲಿಯೇ ಸ್ಪಷ್ಟವಾಯಿತಾದ್ದರಿಂದ ಉಳಿದ ಎರಡನ್ನು ಓದುವ ಮನಸ್ಸಾಗದೆ, ಬ್ಯಾಂಕಿನ ಸಾಲದ ಕಾಗದಗಳಿಗೆ ಹಾಕುವಂತೆ ಕಂಡಕಂಡಲ್ಲಿ ಗುರುತು ಹಾಕಿ, ಸಹಿ ಮಾಡಿ ಕೊಟ್ಟೆ.

ಡೆನ್ವರ್ ನಗರವೇ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 285ನೇ ಹೆದ್ದಾರಿಯಲ್ಲಿ ಹೊರಟರೆ ಸಿಗುವ ಕೆನೋಶಾ ಪಾಸ್ ಎಂಬ ಬೆಟ್ಟದ ಕಣಿವೆದಾರಿ ಸುಮಾರು 3,050 ಮೀಟರ್. ನಾವು ಹತ್ತಬೇಕಾಗಿದ್ದ ಜಾರ್ಜಿಯಾ ಪಾಸ್ 3,500 ಮೀಟರಿಗೂ ಹೆಚ್ಚು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನೆದು, ಚಿಕ್ಕಮಗಳೂರು ಸೀಮೆಯವನೆಂಬ ಹೆಮ್ಮೆಯನ್ನು ಮಡಚಿ ಬ್ಯಾಗಿನೊಳಗಿಟ್ಟೆ. ಆ ಎತ್ತರದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಲತೀರದಲ್ಲಿ ದಕ್ಕುವುದರ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಹೀಗಾಗಿ ಜೆಫರ್ಸನ್ ಕ್ರೀಕ್ ಎಂಬ ಹಳ್ಳದ ಬಳಿಯಿಂದ ಸುಮಾರು ಹತ್ತು ಕಿಲೋಮೀಟರ್ ದಾರಿಯನ್ನು ಹುಡುಗ ಸೈಕಲ್ ಮೇಲೆ ಹತ್ತಿದ. ನಾನು ಸೈಕಲ್ಲನ್ನು ಹಟಮಾರಿ ಎಮ್ಮೆಯಂತೆ ಕೊಂಬು ಹಿಡಿದು ನೂಕಿಕೊಂಡು ಹತ್ತಿದೆ. ಮರಗಳು ಬೆಳೆಯುವುದನ್ನು ನಿಲ್ಲಿಸುವ ಗಡಿಯನ್ನು ದಾಟಿ ಮೇಲೆ ಮುಟ್ಟಿದಾಗ ನಡುಹಗಲು ಕಳೆದಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಸಿಡಿಲಿನ ಮಳೆ ಬರುವುದು ವಾಡಿಕೆಯಾದ್ದರಿಂದ ತಿಳಿದವರು ಅಷ್ಟು ಹೊತ್ತಿಗೆ ಕೆಳಗಿಳಿದಿರುತ್ತಾರೆ. ಮೋಡ ಕಂಡು ಹುಡುಗ, “ಬೇಗ ಹೊರಡೋಣ ಮಾಮ” ಎಂದ; ತಿಂಡಿಯ ಡಬ್ಬಿ ತೆರೆಯುವುದಕ್ಕೂ ಬಿಡಲಿಲ್ಲ.

ಇಳಿಯುವಾಗ ಸೀಟು ತಗ್ಗಿರಬೇಕಂತೆ. ಅದಕ್ಕಾಗಿ ಹ್ಯಾಂಡಲ್ಲಿನಲ್ಲಿಯೇ ಒಂದು ಪುಟ್ಟ ಹಿಡಿ. ಕುಳಿತು ಅದನ್ನು ಒತ್ತಿದರೆ ಸೀಟು ನಮ್ಮನ್ನು ಹೊತ್ತುಕೊಂಡೇ ಲಿಫ್ಟಿನಂತೆ ಇಳಿಯುತ್ತದೆ. ಕುಳಿತುಕೊಳ್ಳದೆ ಒತ್ತಿದರೆ ಚಂಗನೆ ಮೇಲೇಳುತ್ತದೆ. ಈ ಎರಡನೆಯ ಸಂಗತಿಯನ್ನು ಯಾರೂ ನನಗೆ ತಿಳಿಸಿರಲಿಲ್ಲ. ಪೆಡಲಿನ ಮೇಲೆ ಅರ್ಧ ಎದ್ದು ನಿಂತ ಭಂಗಿಯಲ್ಲಿ ನಾನೇ ಅದನ್ನು ಕಂಡುಕೊಂಡೆ. ಎಲ್ಲಿ ತಾಗಿತೆಂಬುದನ್ನು ಸಭ್ಯ ಓದುಗರು ಊಹಿಸಿಕೊಳ್ಳಬಹುದು.

ಆ ಕಾಡು ಮಾತ್ರ ಚೆಂದವೆನ್ನಲೇಬೇಕು. ಮೇಲೆ ಕತ್ತಲು ಕವಿದಂತಿರುವ ಸ್ಪ್ರೂಸ್ ಮತ್ತು ಫರ್ ಮರಗಳು, ಕೆಳಗಿಳಿದಂತೆ ಬಿಳಿ ತೊಗಟೆಯ ಆಸ್ಪೆನ್. ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ಸಣ್ಣ ಗಾಳಿಗೂ ಅದು ನಡುಗುತ್ತದೆ. ನನ್ನ ಕಾಲುಗಳಿಗೆ ಅಂಥ ಸಸ್ಯಶಾಸ್ತ್ರೀಯ ಕಾರಣವೇನೂ ಇರಲಿಲ್ಲ.

ಬೇರುಗಳ ಮೇಲೆ ದಡದಡ ಇಳಿಯುತ್ತಾ ನಾನು ಬ್ರೇಕನ್ನು ಬಿಡದೆ ಹಿಡಿದೇ ಇದ್ದೆ. ಸೀದ ಒಗ್ಗರಣೆಯಂಥ ವಾಸನೆ ಮೂಗಿಗೆ ಅಡರಿತು. “ಹಿಡಿದೇ ಕೂರಬೇಡಿ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬನ್ನಿ” ಎಂದು ಹುಡುಗ ಮುಂದಿನಿಂದ ಕೂಗಿದ. ಈ ವಾಸನೆಗೆ ದೊಡ್ಡ ಪರಂಪರೆಯೇ ಇದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಎಪ್ಪತ್ತರ ದಶಕದ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುವಾಗ, ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಕಾದು ಚಕ್ರದ ನಡುವಿನ ಹಬ್‌ನೊಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು. ಅದನ್ನು ಮತ್ತೆ ತುಂಬಬೇಕಾಗುತ್ತಿದ್ದುದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಅಲ್ಲಿ 1976ರ ಅಕ್ಟೋಬರ್ 21ರಂದು ನಡೆದ ಪಂದ್ಯವನ್ನು ಮೌಂಟನ್ ಬೈಕಿಂಗ್ ಎಂಬ ಈ ಕ್ರೀಡೆಯ ಆರಂಭಗಳಲ್ಲೊಂದೆಂದು ಹೇಳುತ್ತಾರೆ. ನಾನು ಆ ಹಿರಿಯರಿಗೆ ಯಾವುದೇ ಸಂಬಂಧವಿಲ್ಲದೆ ವಾಸನೆಯಲ್ಲಿ ಮಾತ್ರ ಸಮನಾಗಿದ್ದೆ.

ಅಷ್ಟರಲ್ಲಿ ತಿರುವಿನಾಚೆ, ಎರಡು ಕೋಲುಗಳನ್ನು ಊರಿಕೊಂಡು ಹತ್ತಿ ಬರುತ್ತಿದ್ದ ಎಪ್ಪತ್ತರ ಆಸುಪಾಸಿನ ಮಹಿಳೆಯೊಬ್ಬರು ಕಾಣಿಸಿದರು. ಅಲ್ಲಿಯ ನಿಯಮದಂತೆ ನಡೆಯುವವರಿಗೆ ಸೈಕಲ್ಲಿನವರು ದಾರಿ ಬಿಡಬೇಕು. ಮರ್ಯಾದಸ್ಥನಾದ ನಾನು ಹಿಂದಿನ ಚಕ್ರವನ್ನು ಮೆಲ್ಲಗೆ ತಡೆಯೋಣವೆಂದು ಎಡಗೈಯ ಬ್ರೇಕನ್ನು ಒತ್ತಿದೆ. ನಮ್ಮ ದೇಶದಲ್ಲಿ ಬಲಗೈಯದು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ; ಕಡೂರಿನ ಸೈಕಲ್ಲೂ ಮುಂದೆ ಕೊಂಡ ಗೇರಿಲ್ಲದ ಸ್ಕೂಟರೂ ನನಗೆ ಕಲಿಸಿದ್ದು ಅದನ್ನೇ. ಅಮೆರಿಕದಲ್ಲಿ ಇದು ತಿರುಗುಮುರುಗು. ಹುಡುಗ ಬೆಳಿಗ್ಗೆಯೇ ಎಚ್ಚರಿಸಿದ್ದ, ತಲೆಗೆ ಅದು ನೆನಪೂ ಇತ್ತು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆನ್ನುತ್ತಾರೆ. ನನ್ನಲ್ಲಿ ತಲೆ ಕೊಟ್ಟ ಸೂಚನೆಯೂ ಎಡಗೈಗೆ ಗೊತ್ತಾಗಲಿಲ್ಲ. ಮುಂದಿನ ಚಕ್ರ ನಿಂತಿತು, ಹಿಂದಿನದು ಎದ್ದಿತು, ನಾನು ಹ್ಯಾಂಡಲ್ಲಿನ ಮೇಲಿನಿಂದ ಹಾದು ಪೊದೆಯೊಂದರಲ್ಲಿ ಅಂಗಾತ ಬಿದ್ದೆ. ದಾರಿ ಬಿಡಬೇಕಾಗಿತ್ತು, ಪೂರ್ತಿಯಾಗಿಯೇ ಬಿಟ್ಟಿದ್ದೆ. ಆ ಮಹಿಳೆ ಕೋಲೊಂದನ್ನು ಚಾಚಿ ನನ್ನನ್ನು ಎಬ್ಬಿಸಿ, ದಾರಿ ಕೊಟ್ಟದ್ದಕ್ಕೆ ಧನ್ಯವಾದ ಹೇಳಿ, ಒಂದಿಷ್ಟೂ ಏದುಸಿರು ಬಿಡದೆ ಮುಂದೆ ಹತ್ತಿದರು.

ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಸಂಜೆ ಸೈಕಲ್ ಹಿಂದಿರುಗಿಸುವಾಗ ನನ್ನ ಕಥೆಯನ್ನು ಕೇಳಿದ ಅಂಗಡಿಯ ತರುಣ, ಬ್ರಿಟನ್ನಿನಿಂದ ಬಂದವರಿಗೂ ಹೀಗೆಯೇ ಆಗುತ್ತದೆಂದೂ, ಬೇಕೆಂದವರಿಗೆ ಬ್ರೇಕುಗಳನ್ನು ಅದಲುಬದಲು ಮಾಡಿಯೇ ಕೊಡುತ್ತೇವೆಂದೂ ಬಹಳ ವಿನಯದಿಂದ ತಿಳಿಸಿದ. ಇದನ್ನು ಮೊದಲೇ ಕೇಳಬಾರದಾಗಿತ್ತೇ ಎಂದು ನಾನು ದನಿ ಏರಿಸುವ ಹೊತ್ತಿಗೆ ಅವನು ಆ ಅರ್ಜಿಯ ಮೂರನೆಯ ಪುಟವನ್ನು ತಿರುಗಿಸಿ ಮೇಜಿನ ಮೇಲಿಟ್ಟ. ಮುಂದಿನ ಬ್ರೇಕು ಯಾವ ಕೈಗಿರಬೇಕೆಂಬ ಪ್ರಶ್ನೆಯ ಎದುರು ಎರಡು ಚೌಕಗಳಿದ್ದವು. ‘ಎಡ’ ಎಂಬುದರ ಮೇಲೆ ನನ್ನದೇ ಗುರುತು, ಅಕ್ಷರ ತಿದ್ದಿದಷ್ಟು ಅಚ್ಚುಕಟ್ಟಾಗಿ ಬಿದ್ದಿತ್ತು. ಹುಡುಗ ಅದರ ಫೋಟೊ ತೆಗೆದುಕೊಂಡು, ನಾವು ಮನೆ ಮುಟ್ಟುವ ಮೊದಲೇ ತನ್ನ ಅತ್ತೆಗೆ ಕಳಿಸಿದ್ದ.