ನಿಮ್ಮೂರಿನ ದೇಶಭಕ್ತಿ ಎಷ್ಟು ಅಡಿ?

ಊರಿನ ಸ್ವಚ್ಛತೆಗೆ ರ‍್ಯಾಂಕಿಂಗ್ ಇದೆ. ಬದುಕೋಕೆ ಯಾವ ಊರು ಸುಲಭ ಅನ್ನೋದಕ್ಕೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಆ ಪಟ್ಟಿಯಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರೇ ಫಸ್ಟ್. ನಂಬದವರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತುಕೊಂಡು ಪಟ್ಟಿಯನ್ನು ಪೂರ್ತಿ ಓದಬಹುದು, ಟೈಮ್ ಬೇಕಾದಷ್ಟು ಸಿಗುತ್ತದೆ. ಇಷ್ಟೆಲ್ಲ ಅಳೆದ ಮೇಲೆ ದೇಶಭಕ್ತಿ ಒಂದನ್ನು ಯಾಕೆ ಬಿಡಬೇಕು? ಯಾವ ಊರಲ್ಲಿ ಎಷ್ಟಿದೆ, ಹೋದ ವರ್ಷಕ್ಕಿಂತ ಏರಿದೆಯೋ ಇಳಿದಿದೆಯೋ, ಅಕ್ಕಪಕ್ಕದ ಜಿಲ್ಲೆಯವರು ನಮ್ಮನ್ನು ಹಿಂದೆ ಹಾಕಿದ್ದಾರೋ ಇಲ್ಲವೋ, ತಿಳಿಯಬೇಕಲ್ವಾ? ಒಂದು ಸಮಿತಿ ಮಾಡಿಬಿಡೋಣ. ಸಮಿತಿ ಅಂದಮೇಲೆ ಟೇಪು ಬೇಕು. ಟೇಪು ಹಿಡಿಯೋಕೆ ಗಟ್ಟಿಯಾದದ್ದು ಏನಾದರೂ ಬೇಕು.

ಅದಕ್ಕೇ ಮೊದಲು ಧ್ವಜಸ್ತಂಭ. ಇದರಲ್ಲಿ ತಕರಾರೇ ಇಲ್ಲ, ಉದ್ದ ಇದ್ದವರು ಗೆದ್ದರು. 2017ರ ಮಾರ್ಚ್‌ನಲ್ಲಿ ಪಂಜಾಬಿನ ಅಟ್ಟಾರಿ ಗಡಿಯಲ್ಲಿ 360 ಅಡಿಯ ಕಂಬ ನಿಂತಿತು. ಪಾಕಿಸ್ತಾನಕ್ಕೆ ತಡೆಯಲಾಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಆ ಕಡೆ ವಾಘಾದಲ್ಲಿ 400 ಅಡಿಯದು ಎದ್ದಿತು. ಇದು ಎರಡು ದೇಶಗಳ ಜಗಳ, ಹೋಗಲಿ ಬಿಡಿ. ಆದರೆ 2018ರ ಮಾರ್ಚ್‌ನಲ್ಲಿ ನಮ್ಮ ಬೆಳಗಾವಿಯ ಕೋಟೆ ಕೆರೆ ದಂಡೆಯ ಮೇಲೆ ಒಂದು ಕಂಬ ನಿಲ್ಲಿಸಿದರು, ಎತ್ತರ 361 ಅಡಿ. ಅಟ್ಟಾರಿಗಿಂತ ಒಂದೇ ಒಂದು ಅಡಿ ಜಾಸ್ತಿ. ಸುದ್ದಿಗಳಲ್ಲಿ ಮೀಟರ್ ಲೆಕ್ಕ ನೋಡಿದರೆ ಅದೂ 110, ಇದೂ 110. 110 ಮೀಟರ್‌ಗೆ 360 ಅಡಿ ಆಗಿ ಮೇಲೆ ಸುಮಾರು ಹತ್ತೂವರೆ ಇಂಚು ಉಳಿಯುತ್ತದೆ. ಆ ಹತ್ತೂವರೆ ಇಂಚನ್ನು ಪಂಜಾಬಿನವರು ಉದಾರವಾಗಿ ಬಿಟ್ಟುಕೊಟ್ಟರು, ನಮ್ಮವರು ಒಂದಡಿ ಅಂತ ಎಣಿಸಿಕೊಂಡರು. ದೇಶಭಕ್ತಿಯಲ್ಲಿ ನಾವು ಮುಂದೆ ಹೋದದ್ದು ಕ್ಯಾಲ್ಕುಲೇಟರ್ ದಯೆಯಿಂದ.

ಬೆಳಗಾವಿ ಹೀಗೆ ಮೆರೆಯುತ್ತಿದ್ದಾಗ 2022ರಲ್ಲಿ ಹೊಸಪೇಟೆ 405 ಅಡಿಯ ಕಂಬ ತಂದು ನಿಲ್ಲಿಸಿತು. ಹಂಪಿ ಪಕ್ಕದಲ್ಲೇ ಇದೆ, ತುಂಗಭದ್ರಾ ಅಣೆಕಟ್ಟು ಇದೆ, ಆದರೂ ಏನೋ ಕೊರತೆ ಕಾಡುತ್ತಿತ್ತು ಅಂತ ಕಾಣುತ್ತದೆ. ಒಂದೇ ವರ್ಷ. 2023ರ ಅಕ್ಟೋಬರ್‌ನಲ್ಲಿ ಅಟ್ಟಾರಿಯವರು 418 ಅಡಿಯದನ್ನು ತಂದರು. ಹೊಸಪೇಟೆ ಜನ ಆ ರಾತ್ರಿ ಹೇಗೆ ನಿದ್ದೆ ಮಾಡಿದರೋ. ಬೆಳಿಗ್ಗೆ ಏಳುವಷ್ಟರಲ್ಲಿ ತಲಾ ಹದಿಮೂರು ಅಡಿ ದೇಶಭಕ್ತಿ ಕಮ್ಮಿ!

ಇಲ್ಲಿ ಗಾಳಿಯದ್ದೊಂದು ತಾಪತ್ರಯ. ಅಷ್ಟು ಎತ್ತರದಲ್ಲಿ ಬಟ್ಟೆ ನಿಲ್ಲೋದಿಲ್ಲ, ಹರಿಯುತ್ತದೆ. ಅಟ್ಟಾರಿಯಲ್ಲೂ ಹರಿದಿದೆ, ಬೆಳಗಾವಿಯಲ್ಲೂ ಹರಿದಿದೆ. ಹರಿದ ಧ್ವಜ ಹಾರಿಸುವಂತಿಲ್ಲ ಅಂತ ಧ್ವಜ ಸಂಹಿತೆಯೇ ಹೇಳುತ್ತದೆ. ಹಾಗಾಗಿ ಇಳಿಸಬೇಕು, ಹೊಸದು ಬರುವವರೆಗೆ ಕಂಬ ಸುಮ್ನೆ ನಿಂತಿರಬೇಕು. ಸಮಿತಿ ಇದನ್ನೂ ನಿರ್ಧರಿಸಿಬಿಡಲಿ: ಬಟ್ಟೆ ಇಲ್ಲದ ಕಂಬಕ್ಕೆ ಪೂರ್ತಿ ಅಂಕವೋ, ಅರ್ಧವೋ? ನನ್ನನ್ನು ಕೇಳಿದರೆ ಪೂರ್ತಿ ಕೊಡಿ. ಟೆಂಡರ್ ಕರೆದದ್ದು ಕಂಬಕ್ಕೆ ತಾನೇ.

ಕಂಬ ಬೇಡ, ಮತದಾನ ನೋಡಿ ಅನ್ನುವ ಬುದ್ಧಿವಂತರು ಇದ್ದಾರೆ. ಸರಿ, ನೋಡೋಣ. 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81.67, ಬೆಂಗಳೂರು ದಕ್ಷಿಣದಲ್ಲಿ ಶೇ 53.17. ತೀರ್ಪು ಆಗಲೇ ಬಂದಾಯಿತು: ಬೆಂಗಳೂರಿನವರಿಗೆ ದೇಶ ಬೇಡ, ವೀಕೆಂಡ್ ಬೇಕು. ಅವತ್ತು ಏಪ್ರಿಲ್ 26, ಶುಕ್ರವಾರ ಬೇರೆ. ಬೆರಳಿನ ಶಾಯಿ ತೋರಿಸಿದರೆ ದೋಸೆ ಫ್ರೀ ಅಂತ ಹೋಟೆಲಿನವರು ಬೋರ್ಡ್ ಹಾಕಿದ್ದರು. ಅಷ್ಟಾದರೂ ಐವತ್ಮೂರು. ಶುಕ್ರವಾರದ್ದೇ ತಪ್ಪು ಅನ್ನೋಣ ಅಂದರೆ, ಅದರ ಹಿಂದಿನ ವರ್ಷ ವಿಧಾನಸಭೆಗೆ ಬೇಕಂತಲೇ ಬುಧವಾರ ಇಟ್ಟಿದ್ದರು. ವಾರದ ನಡುವೆ ಎಲ್ಲಿಗೆ ಓಡಿಹೋಗುತ್ತೀರಿ ನೋಡೋಣ ಅಂತ ಆಯೋಗದ ಲೆಕ್ಕ. ಬೆಂಗಳೂರು ಆಗಲೂ ಅರ್ಧ ದಾಟಿ ಸ್ವಲ್ಪ ದೂರ ಹೋಗಿ ಕೂತುಬಿಟ್ಟಿತು.

ಆದರೆ ಈ ಶೇಕಡಾ ಅನ್ನೋದು ಭಾಗಾಕಾರ ಸ್ವಾಮಿ. ಕೆಳಗಿನ ಸಂಖ್ಯೆ ಯಾರು ನೋಡಿದ್ದಾರೆ? ಬನಶಂಕರಿಯ ಬಾಡಿಗೆ ಮನೆಯಲ್ಲಿದ್ದಾಗ ಪಟ್ಟಿಗೆ ಸೇರಿದವನು ಈಗ ವೈಟ್‌ಫೀಲ್ಡ್‌ನಲ್ಲಿದ್ದಾನೆ, ಹೆಸರು ಬನಶಂಕರಿಯಲ್ಲೇ ಇದೆ. ವೈಟ್‌ಫೀಲ್ಡ್‌ನಲ್ಲೂ ಸೇರಿಸಿಕೊಂಡಿದ್ದರೆ ಅವನು ಇಬ್ಬರು. ಹೋಗಿ ಒಂದು ಕಡೆ ಓಟು ಹಾಕಿದನು ಅಂತಿಟ್ಟುಕೊಳ್ಳಿ, ಬೆಂಗಳೂರಿನ ಲೆಕ್ಕದಲ್ಲಿ ಒಬ್ಬ ದೇಶಭಕ್ತ, ಒಬ್ಬ ಸೋಮಾರಿ, ಇಬ್ಬರಿಗೂ ಒಂದೇ ಆಧಾರ್. ಇನ್ನು ತೀರಿಹೋದವರು. ಪಟ್ಟಿಯಲ್ಲಿ ಅವರ ಹೆಸರು ಇರುವವರೆಗೆ ಅವರ ದೇಶಭಕ್ತಿ ಸೊನ್ನೆ. ಇದೆಲ್ಲದರ ಮೇಲೆ, ಚುನಾವಣೆ ಹಿಂದಿನ ರಾತ್ರಿ ಬೆಂಗಳೂರಿನಿಂದ ಬಸ್ಸು ತುಂಬಿಕೊಂಡು ಮಂಡ್ಯ, ಮದ್ದೂರು, ನಾಗಮಂಗಲಕ್ಕೆ ಹೋಗುವ ಜನ. ವರ್ಷಪೂರ್ತಿ ಬೆಂಗಳೂರಿನ ನೀರು ಕುಡಿದು, ಅದೂ ಕಾವೇರಿ ನೀರು, ಅಂಕ ಮಾತ್ರ ಮಂಡ್ಯಕ್ಕೆ ಹಾಕಿಬರುತ್ತಾರೆ. ಯಾಕೋ ನ್ಯಾಯ ಅನ್ನಿಸಿತು, ಬಿಡಿ.

ಹಾಡಿ ತೋರಿಸೋಣ ಅನ್ನುವ ದಾರಿಯೂ ಇದೆ. 2013ರಲ್ಲಿ ಲಕ್ನೋದಲ್ಲಿ 1,21,653 ಜನ ಒಟ್ಟಿಗೆ ರಾಷ್ಟ್ರಗೀತೆ ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ಮರುವರ್ಷವೇ ಢಾಕಾದಲ್ಲಿ 2,54,537 ಜನ ಸೇರಿ ಬಾಂಗ್ಲಾದೇಶದ ರಾಷ್ಟ್ರಗೀತೆ ಹಾಡಿ ಅದನ್ನು ಮುರಿದರು. ಆಮೇಲೆ 2017ರಲ್ಲಿ ಗುಜರಾತಿನಲ್ಲಿ ಮೂರೂವರೆ ಲಕ್ಷದಷ್ಟು ಜನ ಸೇರಿ ಮಾನ ಉಳಿಸುವವರೆಗೆ, ಎರಡೂವರೆ ವರ್ಷಕ್ಕೂ ಜಾಸ್ತಿ ಕಾಲ, ಲೆಕ್ಕದ ಪ್ರಕಾರ ನಾವು ಬಾಂಗ್ಲಾದೇಶಕ್ಕಿಂತ ಕಡಿಮೆ ದೇಶಭಕ್ತರಾಗಿದ್ದೆವು. ನಿಮಗೇನಾದರೂ ಗೊತ್ತಾಯಿತಾ? ನನಗಂತೂ ಮೈಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎರಡೂ ಹಾಡು ಬರೆದದ್ದು ಟ್ಯಾಗೋರರೇ, ಹಾಗಾಗಿ ಯಾರು ಗೆದ್ದರೂ ಅವರ ಮನೆಗೇ ಪ್ರಶಸ್ತಿ.

ಸೆಲ್ಫಿ ಲೆಕ್ಕವಂತೂ ಇನ್ನೂ ಸುಲಭ. 2022ರ ಆಗಸ್ಟ್‌ನಲ್ಲಿ ಮನೆಮನೆಯಲ್ಲಿ ತಿರಂಗಾ ಅಂತ ಹಾರಿಸಿ, ಫೋಟೊ ತೆಗೆದು, ಅಪ್‌ಲೋಡ್ ಮಾಡಿ ಅಂದರು. ಕೋಟಿಗಟ್ಟಲೆ ಬಂದವು. ಅಷ್ಟು ಬಾವುಟಕ್ಕೆ ಬಟ್ಟೆ ಎಲ್ಲಿಂದ? ಅದಕ್ಕೆ 2021ರ ಡಿಸೆಂಬರ್‌ನಲ್ಲೇ ಧ್ವಜ ಸಂಹಿತೆ ತಿದ್ದಿ, ಪಾಲಿಯೆಸ್ಟರ್ ನಡೆಯುತ್ತೆ, ಮಷೀನ್ ನೇಯ್ದರೂ ನಡೆಯುತ್ತೆ ಅಂತ ಮಾಡಿದ್ದರು. ಇತ್ತ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ಬಿಐಎಸ್ ಮುದ್ರೆ, ಅಂದರೆ ಕೇಂದ್ರದ ಗುಣಮಟ್ಟ ಸಂಸ್ಥೆಯ ಮುದ್ರೆ, ಪಡೆದು ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆ ನೇಯುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ. ಧಾರವಾಡದ ಗರಗದಲ್ಲಂತೂ ಧ್ವಜದ ಖಾದಿಯ ಕೆಲಸ ಐವತ್ತರ ದಶಕದಿಂದ ಇದೆ. ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ದೇಶ ಪೂರ್ತಿ ಬಾವುಟ ಹಿಡಿದ ವರ್ಷದಲ್ಲಿ ಬೆಂಗೇರಿಯವರು ಬೀದಿಗಿಳಿದು, ತಿದ್ದುಪಡಿ ವಾಪಸ್ ತಗೊಳ್ಳಿ ಅಂತ ಧರಣಿ ಮಾಡಬೇಕಾಯಿತು.

ಅವರ ಕೆಲಸಕ್ಕೂ ಅಳತೆ ಇದೆ, ಗೊತ್ತಾ? ಐಎಸ್ 1 ಅಂತ ಅದರ ಹೆಸರು. ನೂಲು ಎಷ್ಟು, ಬಣ್ಣ ಎಷ್ಟು ಗಾಢ, ಚಕ್ರದ 24 ಗೆರೆ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂತಿದೆಯಾ, ಎಲ್ಲ ನೋಡುತ್ತಾರೆ. ಸ್ವಲ್ಪ ಹೆಚ್ಚುಕಮ್ಮಿ ಆದರೆ ರಿಜೆಕ್ಟ್. ಆ ಅಳತೆ ಬಟ್ಟೆಯದು, ಹೊಲಿದಾಕೆಯ ಮನಸ್ಸಿನದಲ್ಲ. ಅದಕ್ಕೇ ಇರಬೇಕು, ಯಾರೂ ಜಗಳ ಆಡದ ಅಳತೆ ಅದೊಂದೇ. ಅಲ್ಲಿ ಹೊಲಿಯುವ ಅತಿ ದೊಡ್ಡ ಧ್ವಜ 21 ಅಡಿಗೆ 14 ಅಡಿ. ನಾನೂರು ಅಡಿ ಕಂಬಕ್ಕೆ ಅದನ್ನು ಕಟ್ಟಿದರೆ ಕೆಳಗಿನಿಂದ ಅಂಚೆಚೀಟಿ ಕಂಡಂತೆ ಕಾಣುತ್ತದೆ. ಹೀಗಾಗಿ ಬೆಂಗೇರಿಗೆ ಕಂಬದ ಅಂಕವೂ ಇಲ್ಲ, ಸೆಲ್ಫಿ ಅಂಕವೂ ಇಲ್ಲ. ಕೈಯಲ್ಲಿ ಸೂಜಿ ಇದ್ದವರು ಮೊಬೈಲ್ ಹಿಡಿಯೋದು ಹೇಗೆ.

ಇನ್ನೊಂದು ತೊಡಕಿದೆ, ಹಳೇ ಅರ್ಜಿಗಳದ್ದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದವರು 1938ರ ಏಪ್ರಿಲ್ 25ರಂದು ಧ್ವಜ ಹಾರಿಸೋಕೆ ಸೇರಿ ಗುಂಡೇಟು ತಿಂದರು. ಫಾರಂ ಪ್ರಕಾರ ನೋಡಿದರೆ ಕಂಬದ ಎತ್ತರ ನಮೂದಿಸಿಲ್ಲ, ಫೋಟೊ ಲಗತ್ತಿಸಿಲ್ಲ, ಜಿಲ್ಲಾಡಳಿತದ ಅನುಮತಿ ಪತ್ರದ ಜಾಗದಲ್ಲಿ ನಿಷೇಧಾಜ್ಞೆ ಇದೆ. ತಿರಸ್ಕೃತ. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ, ಬ್ರಿಟಿಷರು ಹೊರಡೋಕೆ ಇನ್ನೂ ಐದು ವರ್ಷ ಇರುವಾಗಲೇ, ನಮ್ಮೂರು ಸ್ವತಂತ್ರ ಅಂತ ಘೋಷಿಸಿಕೊಂಡರು. ಅವರದ್ದೂ ನಿಲ್ಲೋದಿಲ್ಲ. ಇದು ನಗರಗಳ ಸ್ಪರ್ಧೆ, ಹಳ್ಳಿಗಳದ್ದಲ್ಲ. ಅಧಿಕಾರಿಯ ಸಹಿ ಬೇಕು ಅಂದರೆ ಅಮಲ್ದಾರರ, ಅಂದರೆ ಆಗಿನ ತಹಶೀಲ್ದಾರರ, ಸಹಿಯನ್ನೇನೋ ತರುತ್ತಾರೆ, ಆದರೆ ಅವರು ಅಮಲ್ದಾರ ಅಂತ ಕೂರಿಸಿದ್ದು ಊರಿನ ಒಬ್ಬ ಹುಡುಗನನ್ನು, ಅವನಿಗೆ ಇನ್ನೂ ಮೀಸೆಯೇ ಬಂದಿರಲಿಲ್ಲ.